ಎಲ್ಲರಿಗೂ ಫೆಬ್ರವರಿ ಇಪ್ಪತ್ತೈದು

ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಪರದೆಯ ಅಡಿಯಲ್ಲಿ ಒಂದು ಸಾಲು ಮೂಡಿತು: 612 ಸಾಲುಗಳು ಬದಲಾಗಿವೆ.

ಬದಲಾಗಬೇಕಿದ್ದುದು ಒಂದೇ ಒಂದು.

ಕಲ್ಲಿದ್ದಲು ಗಣಿಗಳ ಊರಾದ ಕೊಮಿರ್ತಾಸ್ ನಗರದ ವಸತಿ ಕಚೇರಿಯಲ್ಲಿ ಮನೆಗಾಗಿ ಕಾಯುವವರ ಸರದಿಪಟ್ಟಿ ನನ್ನ ವಶದಲ್ಲಿತ್ತು. ಪಟ್ಟಿ ಎಂದರೆ ಡೇಟಾಬೇಸು: ಹೆಸರು, ವಿಳಾಸ, ಮನೆಯಲ್ಲಿರುವ ಜನ, ನೋಂದಣಿ ದಿನ. ಮೊದಲು ನೋಂದಾಯಿಸಿದವರಿಗೆ ಮೊದಲು ಮನೆ. ಕಾನೂನೆಂದರೆ ಅಷ್ಟೇ, ಅದೆಲ್ಲ ನಿಂತಿದ್ದದ್ದು ಆ ಒಂದು ಕಾಲಂನ ಮೇಲೆ. ಅವತ್ತು ಹೊಸದಾಗಿ ಬಂದಿದ್ದ ಗಂಡಹೆಂಡಿರಿಬ್ಬರ ಅರ್ಜಿಯಲ್ಲಿ ನೋಂದಣಿ ದಿನ ಖಾಲಿ ಬಿದ್ದಿತ್ತು. ಅದನ್ನು ತುಂಬಲು ಎರಡು ಸಾಲಿನ ಆಜ್ಞೆ ಬರೆದೆ. ಮೊದಲ ಸಾಲು: ನೋಂದಣಿ ದಿನದ ಕಾಲಂನಲ್ಲಿ ಇವತ್ತಿನ ತಾರೀಖು ಕೂರಿಸು. ಎರಡನೆಯ ಸಾಲು: 612ನೇ ಅರ್ಜಿಗೆ ಮಾತ್ರ. ನಮ್ಮ ಕಚೇರಿಯ ತಂತ್ರಾಂಶದಲ್ಲಿ ಮೌಸಿನಿಂದ ಎಷ್ಟನ್ನು ಬಳಿದು ಆಯ್ದುಕೊಳ್ಳುತ್ತೇವೋ ಅಷ್ಟೇ ಓಡುತ್ತದೆ. ನಾನು ಬಳಿದುಕೊಂಡದ್ದು ಮೊದಲ ಸಾಲನ್ನು ಮಾತ್ರ. ಗುಂಡಿ ಒತ್ತಿದೆ.

ತಾರೀಖನ್ನು ನಾನು ಬರೆದಿರಲೂ ಇಲ್ಲ. ‘ಇವತ್ತು’ ಎಂದಷ್ಟೇ ಹೇಳಿದ್ದೆ. ಯಂತ್ರ ತನ್ನ ಗಡಿಯಾರ ನೋಡಿಕೊಂಡು ಫೆಬ್ರವರಿ ಇಪ್ಪತ್ತೈದು ಎಂದು ಬರೆಯಿತು. ಒಬ್ಬರನ್ನೂ ಬಿಡದೆ ಬರೆಯಿತು.

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಯಾರೂ ನನ್ನ ಬಾಯಿಂದ ಹೊರಡಿಸಬೇಕಾಗಿಲ್ಲ.

ಮೊದಲು ಹುಡುಕಿದ್ದು ಉರ್ಕಿಯಾ ಅಪಾಳ ಸಾಲನ್ನು. ಹಿರಿಯ ಹೆಂಗಸರನ್ನು ನಾವು ಅಪಾ ಅನ್ನುತ್ತೇವೆ, ಗಂಡಸರನ್ನು ಅಗಾ. ಆ ತಾರೀಖು ನನಗೆ ಬಾಯಿಪಾಠ: 2006, ಸೆಪ್ಟೆಂಬರ್ 14. ಸರದಿಯಲ್ಲಿ ನಾಲ್ಕನೆಯವಳು. ಅರ್ಜಿ ಹಾಕಿದಾಗ ಗಂಡ ಏಳನೇ ಗಣಿಯಲ್ಲಿ ಕಲ್ಲಿದ್ದಲು ಕಡಿಯುತ್ತಿದ್ದ. ಮೂರು ವರ್ಷದ ಮೇಲೆ ಅನಿಲ ತುಂಬಿ ಅಲ್ಲೇ ಸತ್ತ. ಅವನು ಕೊರೆದ ಸುರಂಗ ಅವರದೇ ಬೀದಿಯ ಅಡಿಯಲ್ಲಿ ಹಾದುಹೋಗುತ್ತದೆ. ಗಂಡ ಅಗೆದ ಗುಂಡಿಯೊಳಕ್ಕೆ ಹೆಂಡತಿಯ ಮನೆ ವರ್ಷಕ್ಕೆ ಒಂದು ಗೇಣಿನಂತೆ ಇಳಿಯುತ್ತಿತ್ತು. ಆ ಬೀದಿಯಲ್ಲಿ ಒಂಬತ್ತು ಮನೆ ಆಗಲೇ ಕುಸಿದಿದ್ದವು. ಹಿಮ ಕರಗಿ ನೀರು ಹಳೆಯ ಸುರಂಗಕ್ಕೆ ನುಗ್ಗುವ ಕಾಲ ಬಂದರೆ ಅವಳದೂ ನಿಲ್ಲುವುದಿಲ್ಲ ಎಂದು ಭೂಮಿ ಅಳೆಯುವವರೇ ಬರೆದುಕೊಟ್ಟಿದ್ದರು. ಊರಾಚೆ ನಲವತ್ತೆರಡು ಮನೆಗಳ ಹೊಸ ಕಟ್ಟಡ ಎದ್ದಿತ್ತು. ಹೊಸವರ್ಷದ ನೌರಿಜ್ ಹಬ್ಬದ ಮುನ್ನಾದಿನ, ಮಾರ್ಚ್ ಇಪ್ಪತ್ತೊಂದಕ್ಕೆ, ಬೀಗದ ಕೈ ಹಂಚುವುದೆಂದು ಗೊತ್ತಾಗಿತ್ತು. ನಾಲ್ಕನೆಯವಳಿಗೆ ಮನೆ ಸಿಗದೇ ಇರಲು ಸಾಧ್ಯವೇ ಇರಲಿಲ್ಲ, ಆ ಮಂಗಳವಾರದ ಹತ್ತೂ ಇಪ್ಪತ್ತರವರೆಗೆ.

ನಮ್ಮ ವಿಭಾಗದ ಮುಖ್ಯಸ್ಥ ಮುಖಿತ್ ದೊಸಾನೊವಿಚ್. ಓಡಿಹೋಗಿ ಅವನಿಗೇ ಹೇಳಿದೆ.

‘ಬ್ಯಾಕಪ್ ಇರುತ್ತಲ್ಲ?’ ಅಂದ.

‘ಆ ಡಿಸ್ಕು ನವೆಂಬರಲ್ಲೇ ಸುಟ್ಟುಹೋಯ್ತಲ್ಲ ಮುಖಿತ್ ದೊಸಾನೊವಿಚ್. ಹೊಸದು ಕೊಡಿಸಿ ಅಂತ ಮೂರು ಸಲ ಬರೆದುಕೊಟ್ಟೆ. ಮೂರಕ್ಕೂ ನೀವೇ ಸಹಿ ಮಾಡಿ ಇಟ್ಕೊಂಡಿದೀರಿ.’

‘ಕಾಗದದ ಅರ್ಜಿಗಳು?’

‘ಪ್ರಾಂತ್ಯದ ದಾಖಲೆ ಭಂಡಾರಕ್ಕೆ ಹೋಗಿವೆ. ಈಗ ಬರೆದ್ರೆ ಬರೋಕೆ ನಾಲ್ಕು ತಿಂಗಳು.’

‘ನಾಲ್ಕು ತಿಂಗಳು,’ ಎಂದು ಅವನು ನಿಧಾನವಾಗಿ ಹೇಳಿದ, ಸಿಹಿಯೊಂದನ್ನು ಬಾಯಲ್ಲಿ ಹೊರಳಿಸುವಂತೆ. ಆಮೇಲೆ ಗಡಿಯಾರದ ಕೆಳಗಿನ ಕ್ಯಾಲೆಂಡರು ನೋಡಿದ. ‘ಕೂತ್ಕೋ ಕಾಮ್‌ಷತ್. ಮುಖ ಬಿಳಿಚಿಕೊಂಡಿದೆ. ಚಹಾ ಕುಡಿ.’

ಅರ್ಜಿ ಸಂಖ್ಯೆ ನೋಡಿಯಾದರೂ ಸರದಿ ಹಿಡಿಯಬಹುದಿತ್ತಲ್ಲ ಎಂದು ಕೇಳಬಹುದು. ಆಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಈ ಡೇಟಾಬೇಸು ಬಂದಾಗ ಹಳೆಯ ಅರ್ಜಿಗಳ ಮೂಟೆ ಬಿಚ್ಚಿದ ಹಾಗೆಲ್ಲ ಬೆರಳಚ್ಚು ಮಾಡಿದ್ದೆವು, ಸಂಖ್ಯೆ ಬಿದ್ದದ್ದು ಆ ಕ್ರಮದಲ್ಲಿ. ಜನರ ಕೈಯಲ್ಲಿದ್ದ, ನೋಂದಣಿ ದಿನದ ಮೊಹರಿನ ಚೀಟಿಗಳನ್ನೂ ಆಗಲೇ ವಾಪಸು ಪಡೆದಿದ್ದೆವು. ‘ಇನ್ನು ಎಲ್ಲಾ ಯಂತ್ರದಲ್ಲಿದೆ ಅಪಾ, ಕಾಗದ ಯಾಕೆ ಹೊತ್ಕೊಂಡು ತಿರುಗ್ತೀರಿ’ ಎಂದು ಉರ್ಕಿಯಾ ಅಪಾಳ ಚೀಟಿ ಇಸಿದುಕೊಂಡವಳು ನಾನೇ. ಎದೆಯ ಹತ್ತಿರ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದಳು, ಬೆಚ್ಚಗಿತ್ತು. ಬಾಗಿಲಿಗೆ ಪಟ್ಟಿ ಅಂಟಿಸುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು, ಜನರ ಖಾಸಗಿ ವಿವರ ಕಾಪಾಡಲಿಕ್ಕಂತೆ. ಬಡವನ ಖಾಸಗಿತನವನ್ನು ಸರ್ಕಾರ ಎಷ್ಟು ಜೋಪಾನ ಮಾಡುತ್ತದೆ ನೋಡಿ! ಅವನ ಸರದಿ ಅವನಿಗೇ ಗೊತ್ತಾಗಬಾರದು.

‘ತಾರೀಖು ಒಂದೇ ಆಗಿಬಿಟ್ರೆ ನಿಯಮ ಏನನ್ನುತ್ತೆ?’ ಮುಖಿತ್ ಕೇಳಿದ. ಉತ್ತರ ಅವನಿಗೆ ಗೊತ್ತಿತ್ತು.

‘ಮನೆ ಹಂಚೋ ಆಯೋಗದ ವಿವೇಚನೆ.’

‘ಮತ್ತೇನು? ಎಲ್ಲರಿಗೂ ಒಂದೇ ತಾರೀಖು ಅಂದ್ರೆ ಎಲ್ಲರೂ ಸಮ. ಇದಕ್ಕಿಂತ ದೊಡ್ಡ ನ್ಯಾಯ ಎಲ್ಲಿದೆ ಹೇಳು.’ ನಕ್ಕ. ‘ನೀನು ಯಾರ ಹತ್ರನೂ ಬಾಯಿ ಬಿಡಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಆ ಆಜ್ಞೆ ಓಡಿಸಿದ ಹೆಸರು ನನ್ನದಲ್ಲವಲ್ಲ.’

ಅವನದಲ್ಲ. ಯಾವ ಸಾಲು ಬದಲಾದರೂ ಬದಲಿಸಿದವರ ಹೆಸರೂ ಆ ಹೊತ್ತಿನ ತಾರೀಖೂ ತಾನಾಗಿ ಪಕ್ಕದಲ್ಲಿ ಬಂದು ಕೂರುವಂತೆ ನಾನೇ ಕಟ್ಟಿದ್ದೆ. ಕಳ್ಳರನ್ನು ಹಿಡಿಯಲಿಕ್ಕೆ. ಮೊದಲೇನಿತ್ತು ಎಂಬುದನ್ನು ಉಳಿಸಿಕೊಳ್ಳಲು ಜಾಗವಿಲ್ಲವೆಂದು ಬಿಟ್ಟಿದ್ದೆ. ಈಗ ಆರುನೂರ ಹನ್ನೆರಡು ಕಡೆ ನನ್ನ ಹೆಸರು.

ಅವತ್ತು ಸಂಜೆಯೇ ಮುಖಿತ್ ಪಟ್ಟಿಯ ಒಂದು ಪ್ರತಿ ತೆಗೆಸಿ, ಪುಟಪುಟಕ್ಕೂ ಮೊಹರು ಒತ್ತಿಸಿ ಬೀರುವಿನಲ್ಲಿಟ್ಟ. ಅದು ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಾನಿದ್ದ ಕೋಣೆ ಕಚೇರಿಯ ವಸತಿಗೃಹದ್ದು, ಕೆಲಸ ಹೋದರೆ ಅದೂ ಹೋಗುತ್ತದೆ. ಹೆದರಿದ್ದೆ. ಇದಕ್ಕೆ ಇನ್ನೊಂದು ಹೆಸರು ಕೊಡುವುದಿಲ್ಲ.

ಶನಿವಾರ ಮಾರ್ಚ್ ಒಂದು. ತಿಂಗಳ ಮೊದಲ ಶನಿವಾರ ಸರದಿಯವರು ತಮ್ಮದೇ ಹಾಜರಿ ಕರೆಯುತ್ತಾರೆ. ಕಚೇರಿಯಲ್ಲಿ ಎಂಥ ಯಂತ್ರ ಬಂದರೂ ನಮ್ಮ ಜನ ಆ ರೂಢಿ ಬಿಡಲಿಲ್ಲ. ಸಕ್ಕರೆಗೆ, ಸೋಪಿಗೆ, ಪಾಸ್‌ಪೋರ್ಟಿಗೆ, ಎಲ್ಲಕ್ಕೂ ಸಾಲು ನಿಂತು ಕಲಿತವರು. ಸಾಲಿಗೊಂದು ನೋಟುಪುಸ್ತಕ, ಪುಸ್ತಕಕ್ಕೊಬ್ಬ ಹಿರಿಯಳು. ಹೆಸರು ಕೂಗಿದಾಗ ‘ಇದ್ದೀನಿ’ ಅನ್ನಬೇಕು. ಎರಡು ಸಲ ತಪ್ಪಿಸಿದರೆ ಹೆಸರಿನ ಮೇಲೆ ಗೆರೆ. ವಸತಿ ಸರದಿಯ ಪುಸ್ತಕ ಉರ್ಕಿಯಾ ಅಪಾಳ ಹತ್ತಿರವಿತ್ತು. ಹಸಿರು ರಟ್ಟು, ದಾರದಿಂದ ಹೊಲಿದದ್ದು. ಚಳಿಗೆ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆಂದು ಪೆನ್ಸಿಲಿನಲ್ಲೇ ಬರೆಯುತ್ತಿದ್ದಳು.

ಗಣಿಗಾರರ ಭವನದ ಮುಂದೆ, ಮಸಿ ಬಿದ್ದು ಕಪ್ಪಾದ ಹಿಮದ ಮೇಲೆ, ಮುನ್ನೂರು ಮುನ್ನೂರೈವತ್ತು ಜನ. ನಾನು ಹೋಗಿ ಹಿಂದೆ ನಿಂತಾಗ ಹಾಜರಿ ಅರ್ಧ ನಡೆದಿತ್ತು.

‘ತೊಕ್ತಾರೊವ್!’

‘ಇದ್ದೀನಿ!’

‘ಕಿಮ್!’

‘ಇದ್ದೀನಿ ಅಪಾ.’

‘ಶ್ಮಿತ್! ...ಶ್ಮಿತ್!’

‘ಅವನು ಜರ್ಮನಿಗೆ ಹೋದ, ಗೆರೆ ಎಳೀರಿ,’ ಎಂದು ಕಾಕೆನ್ ಅಗಾ ಕೂಗಿದ. ಏಳನೇ ಗಣಿಯ ಹಳೆಯ ಕೆಲಸಗಾರ. ಮಸಿ ತಿಂದ ಶ್ವಾಸಕೋಶ ಒಂದನ್ನು ಕತ್ತರಿಸಿ ತೆಗೆದಿದ್ದರು. ‘ಅವನಿಗೆ ಅಲ್ಲಿ ಮನೆ ಸಿಕ್ತು, ನಮಗೆ ಇಲ್ಲಿ ಅವನ ನಂಬರು ಸಿಕ್ತು.’

‘ಬಾಯಿ ಸಾಕು. ಕಾಕೆನ್!’

‘ಅರ್ಧ ಇದ್ದೀನಿ!’

ನಕ್ಕರು. ನಗುವಿನ ಆವಿ ತಲೆಗಳ ಮೇಲೆ ಒಂದಿಷ್ಟು ಹೊತ್ತು ನಿಂತಿತ್ತು. ಆ ಮುಖಗಳಲ್ಲಿದ್ದ ನಿರಾಳ ನನ್ನಿಂದ ನೋಡಲಾಗಲಿಲ್ಲ. ಇನ್ನು ಮೂರೇ ವಾರ ಎಂದು ಲೆಕ್ಕ ಹಾಕುತ್ತಿದ್ದವರು ಅವರು.

ಹಾಜರಿ ಮುಗಿದ ಮೇಲೆ ಅಪಾಳ ಬೆನ್ನುಹಿಡಿದು ಅವಳ ಮನೆಗೆ ಹೋದೆ. ಬಾಗಿಲು ಮುಚ್ಚುತ್ತಿರಲಿಲ್ಲ, ಚೌಕಟ್ಟು ಓರೆಯಾಗಿ ಕಂಬಳಿ ಇಳಿಬಿಟ್ಟಿದ್ದಳು. ಮಂಚದ ಎರಡು ಕಾಲಿಗೆ ಇಟ್ಟಿಗೆ. ಗೋಡೆಯ ಬಿರುಕಿಗೆ ತುರುಕಿದ ಬಟ್ಟೆಯಲ್ಲಿ ಸತ್ತ ಗಂಡನ ಅಂಗಿಯ ಗುಂಡಿ ಕಾಣುತ್ತಿತ್ತು. ಹಾಲು ಹಾಕಿದ ಚಹಾ ಬಗ್ಗಿಸಿ, ರೊಟ್ಟಿ ಮುರಿದು ಮುಂದಿಟ್ಟಳು.

‘ತಿನ್ನು ಮಗಳೇ. ಕಚೇರಿಯವರು ನೀವು, ನಮ್ಮ ರೊಟ್ಟಿ ಗಂಟಲಲ್ಲಿ ಇಳಿಯಲ್ವೇನೋ.’

ರೊಟ್ಟಿಯ ಚೂರು ಬಾಯಿಗಿಟ್ಟ ಮನೆಗೆ ಕೇಡು ಮಾಡಬಾರದು ಅನ್ನುತ್ತಾರೆ ನಮ್ಮಲ್ಲಿ. ‘ರೊಟ್ಟಿ ಮುಟ್ಟೋಕೆ ಮುಂಚೆ ಒಂದು ಮಾತು ಹೇಳ್ಬೇಕು ಅಪಾ,’ ಎಂದೆ. ಹೇಳಿದೆ. ಮೌಸು, ಎರಡು ಸಾಲು, ಇವತ್ತಿನ ತಾರೀಖು, ಎಲ್ಲ.

ಅವಳು ಬಟ್ಟಲನ್ನು ಕೆಳಗಿಟ್ಟಳು.

‘ಎಲ್ಲರಿಗೂನಾ?’

‘ಎಲ್ಲರಿಗೂ.’

‘ಮೊನ್ನೆ ಬಂದ ಆ ಹೊಸ ಜೋಡಿಗೂ ನನಗೂ ಒಂದೇ ದಿನ?’

‘ಒಂದೇ ದಿನ.’

‘ಸರದೀಲಿ ನಿಂತಾಗ ನನ್ನ ತಲೇಲಿ ಒಂದು ಬಿಳಿ ಕೂದಲಿರ್ಲಿಲ್ಲ ಕಣೇ.’ ತಲೆಯ ವಸ್ತ್ರವನ್ನು ಹಿಂದಕ್ಕೆಳೆದಳು. ‘ನೋಡು. ನಿನ್ನ ಯಂತ್ರಕ್ಕೆ ಹೇಳು, ಇದಕ್ಕೂ ಇವತ್ತಿನ ತಾರೀಖು ಹಾಕ್ಲಿ. ನನ್ನ ಗಂಡ ಇನ್ನೂ ಗಣಿಯಿಂದ ಬಂದಿಲ್ಲ, ಸಂಜೆ ಬರ್ತಾನೆ ಅಂತ ಬರ್ಕೊಳ್ಲಿ.’

ನಾನು ರೊಟ್ಟಿಯ ಚೂರನ್ನು ಅವಳತ್ತ ಸರಿಸಿದೆ.

‘ಚೀಟಿ ಕಿತ್ಕೊಂಡವಳೂ ನೀನೇ.’

‘ನಾನೇ ಅಪಾ.’

ಮನೆ ಒಮ್ಮೆ ನರಳಿತು, ನೆಲದಡಿಯಲ್ಲಿ ಎಲ್ಲೋ ಮಣ್ಣು ಸರಿದ ಸದ್ದು. ಅವಳು ಅದಕ್ಕೆ ಕಿವಿಗೊಡಲೂ ಇಲ್ಲ. ಎದ್ದು ದಿಂಬಿನ ಕೆಳಗಿನಿಂದ ಹಸಿರು ಪುಸ್ತಕ ತಂದು ನನ್ನ ತೊಡೆಯ ಮೇಲೆ ಎಸೆದಳು.

‘ಇದರಲ್ಲಿ ಎಲ್ಲರ ತಾರೀಖೂ ಇದೆ. ಯಾರು ಯಾವತ್ತು ನಿಂತ್ರು, ಎಲ್ಲಾ. ವಾಪಸ್ ಬರೀ. ಬರೆದು ಮುಗಿಸಿ ಬಂದು ರೊಟ್ಟಿ ತಿನ್ನು.’

ಸೋಮವಾರ, ಮಂಗಳವಾರ, ಬುಧವಾರ. ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಹೋಗಿ ಕೂತೆ. ಒಂದೊಂದೇ ಸಾಲು, ಒಂದೊಂದೇ ತಾರೀಖು. ಪ್ರತಿ ಆಜ್ಞೆಯಲ್ಲೂ ಎರಡನೆಯ ಸಾಲನ್ನು ಬೆರಳಿಟ್ಟು ಓದಿ, ಎರಡನ್ನೂ ಬಳಿದುಕೊಂಡೆನೇ ಎಂದು ಮೂರು ಸಲ ನೋಡಿ ಒತ್ತುತ್ತಿದ್ದೆ. ಹೆಸರಿನ ಪಕ್ಕ ಅಪಾ ಸಣ್ಣಕ್ಷರದಲ್ಲಿ ಟಿಪ್ಪಣಿ ಬರೆದಿದ್ದಳು. ‘ಸತ್ತ, ಹೆಂಡತಿ ಬರುತ್ತಾಳೆ.’ ‘ಹೆಂಡತಿಯೂ ಸತ್ತಳು, ಸೊಸೆ ಬರುತ್ತಾಳೆ.’ ‘ಕಿವಿ ಕೇಳದು, ಎರಡು ಸಲ ಕೂಗಬೇಕು.’ ಗೆರೆ ಎಳೆದ ಹೆಸರುಗಳ ತಾರೀಖೂ ಗೆರೆಯಡಿಯಲ್ಲಿ ಓದಲು ಬರುತ್ತಿತ್ತು. ನನ್ನ ಡೇಟಾಬೇಸಿನಲ್ಲಿ ಇದ್ಯಾವುದಕ್ಕೂ ಕಾಲಂ ಇರಲಿಲ್ಲ. ಬುಧವಾರ ನಾಲ್ಕು ಗಂಟೆಗೆ ಕೊನೆಯದನ್ನು ಮುಗಿಸಿದೆ. ಉರ್ಕಿಯಾ ಅಪಾ ಮತ್ತೆ ನಾಲ್ಕನೆಯವಳಾದಳು. ಓಡಿಹೋಗಿ ಪುಸ್ತಕ ಕೊಟ್ಟು ರೊಟ್ಟಿ ತಿಂದೆ. ಅಷ್ಟು ರುಚಿಯಾದ ರೊಟ್ಟಿಯನ್ನು ಆಮೇಲೆ ತಿಂದಿಲ್ಲ.

ಹನ್ನೊಂದನೇ ತಾರೀಖು ಆಯೋಗ ಕೂತಿತು. ಉದ್ದ ಮೇಜು, ಐದು ಜನ, ಖನಿಜ ನೀರಿನ ಬಾಟಲಿಗಳು. ಮುಖಿತ್ ಎರಡು ಕಂತೆ ಕಾಗದ ಪಕ್ಕಪಕ್ಕ ಇಟ್ಟಿದ್ದ. ಒಂದು, ಅವತ್ತು ಸಂಜೆ ಮೊಹರು ಹಾಕಿಸಿದ್ದು. ಇನ್ನೊಂದು, ಈಗಿನದು.

‘ಮೊಹರಿರುವ ಅಧಿಕೃತ ಪಟ್ಟಿ ಇಲ್ಲಿದೆ,’ ಎಂದ. ‘ಮನೆ ಹಂಚಿಕೆಗೆ ಎರಡು ವಾರ ಇರುವಾಗ ನಮ್ಮ ನೌಕರಳೊಬ್ಬಳು ಮೂರು ದಿನ ಕೂತು ಆರುನೂರ ಹನ್ನೊಂದು ತಾರೀಖು ತಿದ್ದಿದಾಳೆ. ಪಕ್ಕದಲ್ಲಿ ಅವಳದೇ ಹೆಸರು, ದಿನ, ಗಂಟೆ. ಯಾವ ಆಧಾರದ ಮೇಲೆ ತಿದ್ದಿದೆ, ಕಾಮ್‌ಷತ್?’

‘ಸರದಿಯವರ ಪುಸ್ತಕದ ಮೇಲೆ. ಮೊದಲು ಅಳಿಸಿಹೋಗಿದ್ದೂ ನನ್ನಿಂದಾನೇ. ಇಪ್ಪತ್ತೈದನೇ ತಾರೀಖು ನಿಮಗೇ ಬಂದು ಹೇಳಿದೆ.’

‘ನನಗೆ? ಲಿಖಿತವಾಗಿ ಕೊಟ್ಟಿದೀಯಾ?’

ಕೊಟ್ಟಿರಲಿಲ್ಲ. ಅವನು ಕೊಟ್ಟ ಚಹಾ ಕುಡಿದಿದ್ದೆ.

‘ಪುಸ್ತಕ!’ ಆಯೋಗದ ಒಬ್ಬ ನಕ್ಕ. ‘ಪೆನ್ಸಿಲಲ್ಲಿ ಬರೆದದ್ದಂತೆ. ಒಂದು ರಬ್ಬರು ಸಾಕು.’

‘ನಿಮ್ಮ ಯಂತ್ರಕ್ಕೆ ರಬ್ಬರೂ ಬೇಕಾಗ್ಲಿಲ್ಲ,’ ಎಂದೆ. ಧ್ವನಿ ಏರಿತ್ತು. ‘ಆ ಹೆಂಗಸು ಹತ್ತೊಂಬತ್ತನೇ ವರ್ಷ ನಿಂತಿದಾಳೆ. ಇಡೀ ಊರಿಗೆ ಗೊತ್ತು. ಈ ಕೋಣೇಲಿರೋ ಐದು ಜನಕ್ಕೂ ಗೊತ್ತು. ಗೊತ್ತಿಲ್ಲ ಅಂತ ಯಾರಾದ್ರೂ ಒಬ್ಬರು ನನ್ನ ಮುಖ ನೋಡಿ ಹೇಳಿ.’

ಒಬ್ಬ ಬಾಟಲಿಯ ಮುಚ್ಚಳ ತಿರುಗಿಸಿದ. ಅವರು ಕಳ್ಳತನ ಮಾಡಬೇಕಾಗಿಯೇ ಇರಲಿಲ್ಲ. ಮೊಹರಿನ ಹಾಳೆಯ ಮೇಲೆ ಅಂಗೈ ಊರಿ ಸುಮ್ಮನೆ ಕೂತಿದ್ದರೆ ಸಾಕಾಗಿತ್ತು, ಕೂತಿದ್ದರು.

ಅವತ್ತೇ ನನ್ನ ಪಾಸ್‌ವರ್ಡ್ ಕಿತ್ತುಕೊಂಡರು. ಪ್ರಾಂತ್ಯದ ಮುಖ್ಯ ನಗರದಿಂದ ಬಂದ ಯಾರೋ ಒಬ್ಬ ಪಟ್ಟಿಯನ್ನು ಮತ್ತೆ ‘ಸರಿಪಡಿಸಿದ’. ಅವನು ಬೇಕೆಂದೇ ಒಂದು ಸಾಲಿನ ಆಜ್ಞೆ ಬರೆದ: ನೋಂದಣಿ ದಿನದ ಕಾಲಂನಲ್ಲಿ ಫೆಬ್ರವರಿ ಇಪ್ಪತ್ತೈದು ಕೂರಿಸು. ಎರಡನೆಯ ಸಾಲು ಅವನಿಗೆ ಬೇಕಿರಲಿಲ್ಲ. ನನಗೆ ಖೋಟಾ ದಾಖಲೆಯ ಆರೋಪ, ಕೆಲಸದಿಂದ ವಜಾ, ಕೋಣೆ ಬಿಡಲು ಇಪ್ಪತ್ತೈದು ದಿನ. ಪ್ರಾಂತ್ಯದ ದಾಖಲೆ ಭಂಡಾರಕ್ಕೆ ನಾನೇ ಪತ್ರ ಬರೆದೆ. ಉತ್ತರ ಜುಲೈಗೆ ಬರಬೇಕು.

ಮಾರ್ಚ್ ಇಪ್ಪತ್ತೊಂದರಂದು ಬ್ಯಾಂಡು ಬಾರಿಸಿ ಬೀಗದ ಕೈ ಹಂಚಿದರು. ನಲವತ್ತೆರಡು ಹೆಸರಿನ ಪಟ್ಟಿಯನ್ನು ಅವತ್ತು ಮಾತ್ರ ಬಾಗಿಲಿಗೆ ಅಂಟಿಸಿದ್ದರು. ಎಲ್ಲರ ಮುಂದೆಯೂ ಒಂದೇ ತಾರೀಖು. ಫೋಟೋಕ್ಕೆ ಬೇಕೆಂದು ಇಬ್ಬರು ಗಣಿಗಾರರಿದ್ದರು. ಉಳಿದವರು ಯಾರ ಅಳಿಯ, ಯಾರ ನಾದಿನಿ ಎಂದು ಊರೇ ಬೆರಳು ಮಡಿಸಿ ಹೇಳುತ್ತಿತ್ತು. ಆ ಹೊಸ ಜೋಡಿಯೂ ಅದರಲ್ಲಿರಲಿಲ್ಲ.

‘ಶುಭಾಶಯ ಕಣ್ರಪ್ಪಾ,’ ಎಂದ ಕಾಕೆನ್ ಅಗಾ ಪಟ್ಟಿಯ ಮುಂದೆ ನಿಂತು. ‘ಆರುನೂರ ಹನ್ನೆರಡು ಜನ ಒಂದೇ ದಿನ ಹುಟ್ಟಿದ್ವಿ. ತಾಯಿ ಯಾರು ಅಂತ ಕೇಳ್ಬೇಡಿ, ಪಾಪ, ಸುಸ್ತಾಗಿರ್ತಾಳೆ.’ ಯಾರೂ ನಗಲಿಲ್ಲ. ಅವನಿಗೆ ಕೆಮ್ಮು ಬಂತು, ಬಗ್ಗಿ ಕೂತ. ಹೆಂಗಸರು ಬಾಗಿಲು ಬಡಿದರು, ಕಿಟಕಿಯೊಂದು ಒಡೆಯಿತು. ಪೊಲೀಸರು ಮೂವರನ್ನು ಎಳೆದೊಯ್ದು ಸಂಜೆಗೆ ಬಿಟ್ಟರು. ಒಳಗೆ ಬ್ಯಾಂಡು ನಿಲ್ಲಲಿಲ್ಲ.

ಇಪ್ಪತ್ತೆಂಟಕ್ಕೆ ಹಿಮ ಕರಗಿ ಬೀದಿಯಲ್ಲೆಲ್ಲ ಕಪ್ಪು ನೀರು. ಮಧ್ಯಾಹ್ನ ಉರ್ಕಿಯಾ ಅಪಾ ನೀರು ತರಲು ಕೊಳಾಯಿಗೆ ಹೋಗಿದ್ದಾಗ ಅಡುಗೆಮನೆಯ ನೆಲ ಒಲೆಯ ಸಮೇತ ಕೆಳಕ್ಕೆ ಹೋಯಿತು, ಅದರ ಹಿಂದೆಯೇ ಅರ್ಧ ಮನೆ. ವಾಪಸು ಬಂದು, ತುಂಬಿದ ಬಕೆಟ್ ಹಿಡಿದುಕೊಂಡೇ ಗುಂಡಿಯ ಅಂಚಿನಲ್ಲಿ ನಿಂತಿದ್ದಳಂತೆ. ಪುಸ್ತಕ ಎದೆಯ ಹತ್ತಿರ ಇತ್ತು. ಅಷ್ಟೇ ಉಳಿದದ್ದು. ಕಾಕೆನ್ ಅಗಾ ತನ್ನ ಬಾಡಿಗೆ ಮನೆಯ ನಡುಹಾದಿಯಲ್ಲಿ ಅವಳಿಗೊಂದು ಹಾಸಿಗೆ ಹಾಕಿಕೊಟ್ಟ.

ಏಪ್ರಿಲ್ ಐದು, ಶನಿವಾರ. ಯಾರಾದರೂ ಬರುತ್ತಾರೆಯೇ ಎಂದುಕೊಂಡೇ ಗಣಿಗಾರರ ಭವನದತ್ತ ಹೋದೆ. ಕೈಯಲ್ಲಿ ನನ್ನ ಸೂಟ್‌ಕೇಸ್ ಇತ್ತು. ಬಂದಿದ್ದರು, ಮೊದಲಿಗಿಂತ ಹೆಚ್ಚೇ. ಕೆಸರಿನಲ್ಲಿ ಹಲಗೆ ಹಾಕಿಕೊಂಡು ನಿಂತಿದ್ದರು. ಅಪಾ ಎಲ್ಲರ ಹೆಸರನ್ನೂ ಕೂಗಿದಳು, ಅದೇ ಹಳೆಯ ಕ್ರಮದಲ್ಲಿ, 2006ರಿಂದ. ಕಾಕೆನ್ ಈ ಸಲ ‘ಇದ್ದೀನಿ’ ಎಂದಷ್ಟೇ ಅಂದ. ಅದಕ್ಕೂ ಮೊದಲು ನಾಲ್ಕನೆಯ ಹೆಸರು ಬಂದಾಗ ಅವಳೇ ಕೂಗಿ ಅವಳೇ ‘ಇದ್ದೀನಿ’ ಅಂದಳು. ಎಲ್ಲ ಮುಗಿದ ಮೇಲೆ ನಾನು ಮುಂದೆ ಹೋದೆ. ಯಾರೋ ನೆಲಕ್ಕೆ ಉಗಿದರು. ಅದು ನನಗೇ ಇರಬೇಕು.

ಅಪಾ ನನ್ನ ಸೂಟ್‌ಕೇಸ್ ನೋಡಿದಳು.

‘ಕೋಣೆ ಬಿಡಿಸಿದ್ರಾ?’

‘ಹೂಂ.’

‘ಎಲ್ಲಿರ್ತೀಯಾ?’

ಸೂಟ್‌ಕೇಸನ್ನು ಹಲಗೆಯ ಮೇಲಿಟ್ಟೆ. ಅವಳು ಪುಸ್ತಕದ ಕೊನೆಯ ಹಾಳೆ ತೆಗೆದಳು. ಚಳಿ ಇಳಿದಿತ್ತು. ಪೆನ್ಸಿಲನ್ನು ಜೇಬಿಗೆ ಹಾಕಿ, ಪೆನ್ನು ತೆಗೆದು ಅಂಗೈಯಲ್ಲಿ ಉಜ್ಜಿ ಶಾಯಿ ಬರಿಸಿದಳು. 613 ಎಂದು ಬರೆದು ನನ್ನ ಹೆಸರು ಬರೆದಳು.

‘ಇವತ್ತು ತಾರೀಖು ಎಷ್ಟೇ?’

‘ಐದು, ಅಪಾ. ಏಪ್ರಿಲ್ ಐದು.’

ಹಾಳೆ ಹರಿಯುವಷ್ಟು ಒತ್ತಿ ಬರೆದಳು. ಬರೆದದ್ದರ ಮೇಲೆ ಊದಿ, ಒಣಗಿತೇ ಎಂದು ಬೆರಳಿನಿಂದ ಮುಟ್ಟಿ ನೋಡಿದಳು.

‘ಎರಡು ಸಲ ತಪ್ಪಿಸಿದ್ರೆ ಗೆರೆ ಎಳೀತೀನಿ,’ ಎಂದಳು. ‘ನಿನಗೂ ಅಷ್ಟೇ.’